ಕಪ್ತಾನ್ ತಾತ ಬಾರದ ಕಥೆ

ಮನೆಯಿಂದ,
ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿ

ಪ್ರೀತಿಯ ಅಕ್ಕಾ,

ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ಉರಿ ಕಡಿಮೆಯಾಗಿದೆಯೇ, ನೀರು ಸುರಿಯುವುದು ನಿಂತಿದೆಯೇ? ಹೊತ್ತುಹೊತ್ತಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀಯೋ, ಇಲ್ಲ "ಆಮೇಲೆ, ಆಮೇಲೆ" ಎಂದು ಮಗಳನ್ನು ಸತಾಯಿಸುತ್ತಿದ್ದೀಯೋ? ಡಾಕ್ಟರು ಬಗ್ಗಬೇಡಿ ಎಂದರೆ ಬಗ್ಗಬಾರದು. ಕೆಳಗೆ ಬಿದ್ದ ಚಮಚ ಬಿದ್ದಲ್ಲೇ ಇರಲಿ, ಅದೇನು ಎದ್ದು ಓಡಿಹೋಗುವುದಿಲ್ಲ. ಓದುವುದಂತೂ ಸದ್ಯಕ್ಕೆ ಬೇಡವೇ ಬೇಡ ಎಂದಿದ್ದಾರಂತಲ್ಲ, ಹಾಗಾಗಿ ಈ ಪತ್ರವನ್ನು ನಿನ್ನ ಮಗಳು ಗುಬ್ಬಿಯೇ ಓದಿ ಹೇಳುತ್ತಿರುತ್ತಾಳೆ ಎಂದುಕೊಂಡು ಬರೆಯುತ್ತಿದ್ದೇನೆ. ಗುಬ್ಬೀ, ಚಿಕ್ಕಮ್ಮನ ಅಕ್ಷರ ತಿಳಿಯದಿದ್ದರೆ ನಿನಗೆ ತೋಚಿದ್ದನ್ನು ಸೇರಿಸಿ ಓದಬೇಡಮ್ಮ, ನಿಧಾನವಾಗಿ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮಮ್ಮ ನನಗೆ ಒಂದು ಮಾತು ಮುಗಿಸಲೂ ಬಿಡುವುದಿಲ್ಲ. ಕಾಗದದ ಮೇಲಾದರೆ ಅವಳು ಎಷ್ಟು ಬಾಯಿ ಹಾಕಿದರೂ ನನ್ನ ಸಾಲು ಇದ್ದಲ್ಲೇ ಇರುತ್ತದೆ.

ನಾವಿಲ್ಲಿ ಚೆನ್ನಾಗಿದ್ದೇವೆ. ಇವರಿಗೆ ಸೊಂಟ ಹಿಡಿದುಕೊಂಡಿತ್ತು, ಈಗ ವಾಸಿ. ಬಟ್ಟೆ ಒಣಹಾಕುವ ಹೊತ್ತಿಗೆ ಮಾತ್ರ ಮತ್ತೆ ಹಿಡಿದುಕೊಳ್ಳುತ್ತದೆ. ಇನ್ನು ವಿಷಯಕ್ಕೆ ಬರುತ್ತೇನೆ. ಅಕ್ಕಾ, ನನ್ನ ಪುಸ್ತಕ ಬಂತು. ಬಂದು ಎರಡು ವಾರದ ಮೇಲಾಯಿತು. ನಿನ್ನ ಆಪರೇಷನ್ನಿನ ಗಡಿಬಿಡಿ, ಜೊತೆಗೆ ಖುಷಿಗೆ ನೀನು ಅತ್ತುಬಿಟ್ಟರೆ ಕಣ್ಣಿಗೆ ಕೆಡುಕು ಎಂದು ಬಾಯಿ ಬಿಗಿಹಿಡಿದುಕೊಂಡಿದ್ದೆ. ಮುಖಪುಟದಲ್ಲಿ ಒಂದು ದೋಣಿ ಇದೆ, ಅದರೊಳಗೆ ಇಬ್ಬರು ಹುಡುಗಿಯರಿದ್ದಾರೆ, ಕೆಳಗೆ ನನ್ನ ಹೆಸರಿದೆ. ನನ್ನದೇ ಹೆಸರು. ಪೊಟ್ಟಣ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದಲ್ಲ, ನೂರನೆಯ ಪುಟದ ಹತ್ತಿರ ತಪ್ಪಿಹೋದ ಒಂದು ಒತ್ತಕ್ಷರ. ಇಷ್ಟು ವರ್ಷ ಕರಡು ತಿದ್ದಿದವಳ ಹಣೆಬರಹ. ಆಮೇಲೆ ಹೆಸರು ನೋಡಿದೆ, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಗುಬ್ಬೀ, ಈಗ ನೀನೂ ಕುಳಿತುಕೋ. ನೀನು ಚಿಕ್ಕವಳಿದ್ದಾಗ ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, ಅನ್ನ ಮೂಗಿಗೆ ಹೋಗುತ್ತದೋ ಬಾಯಿಗೆ ಹೋಗುತ್ತದೋ ಗೊತ್ತಾಗದ ಹಾಗೆ ಓದುತ್ತಿದ್ದ ಕಪ್ತಾನ್ ತಾತನ ಪುಸ್ತಕಗಳಿದ್ದವಲ್ಲ, ಹಿಂಬದಿಯಲ್ಲಿ ಬಿಳಿ ಗಡ್ಡದ ಫೋಟೋ, "ಏಳು ಕಡಲು ಸುತ್ತಿದ ನಾವಿಕನ ಸಾಹಸಗಳು" ಎಂಬ ಸಾಲು, ಅವನ್ನೆಲ್ಲ ಬರೆದದ್ದು ನಾನು. ಒಂದಲ್ಲ ಎರಡಲ್ಲ, ಇಪ್ಪತ್ತಕ್ಕೂ ಹೆಚ್ಚು, ಎಲ್ಲದರಲ್ಲೂ ಕೊನೆಗೆ ಕಪ್ತಾನ್ ತಾತನೇ ಬಂದು ಮಕ್ಕಳನ್ನು ಬಿಡಿಸುವವನು. ಫೋಟೋದಲ್ಲಿರುವವರು ನಾನು ಕರಡು ತಿದ್ದುತ್ತಿದ್ದ ಮುದ್ರಣಾಲಯಕ್ಕೆ ಕಾಗದ ಹಾಕುತ್ತಿದ್ದವರ ಮಾವ. ಅವರು ಕಡಲನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ನಾನೂ ಅಷ್ಟೇ. ಕಪ್ತಾನ್ ತಾತ ಎಂಬ ಲೇಖಕನನ್ನು ಹುಟ್ಟಿಸಿದವರು ಆ ಮುದ್ರಣಾಲಯದ ಯಜಮಾನರು, ಪ್ರಕಾಶನವೂ ಅವರದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕರಡು ತಿದ್ದುವ ನೆಪದಲ್ಲಿ ಒಂದು ಕಥೆಯನ್ನೇ ತಿದ್ದಿ ಬೇರೆ ಮಾಡಿಬಿಟ್ಟಿದ್ದೆ. ಬೈಸಿಕೊಳ್ಳುತ್ತೇನೆ ಎಂದುಕೊಂಡರೆ, ಮುಂದಿನದನ್ನು ನೀನೇ ಬರಿ ಎಂದರು. ಒಂದೇ ಷರತ್ತು, ಯಾರಿಗೂ ಹೇಳಕೂಡದು, ಮಕ್ಕಳು ಆ ಗಡ್ಡವನ್ನು ನಂಬಿದ್ದಾರೆ ಎಂದು. ಮಾತು ಕೊಟ್ಟೆ. ನಿನ್ನ ಚಿಕ್ಕಪ್ಪನಿಗೂ ನಿಮ್ಮಮ್ಮನಿಗೂ ಮಾತ್ರ ಗೊತ್ತಿತ್ತು. ನೀನು ಒಂದು ದಿನ ನನಗೆ, "ಚಿಕ್ಕಮ್ಮಾ, ನೀನೂ ಕಥೆ ಬರೀತೀಯಂತೆ, ಮೊದಲು ಕಪ್ತಾನ್ ತಾತನ್ನ ಓದಿ ಕಲ್ತ್ಕೋ" ಎಂದು ಬುದ್ಧಿ ಹೇಳಿದಾಗ ನಿಮ್ಮಮ್ಮ ಬಾಯಿಗೆ ಟವೆಲ್ ಒತ್ತಿಕೊಂಡು ಅಡುಗೆಮನೆಗೆ ಓಡಿದ್ದಳು. ಈಗಲೂ ನಗುತ್ತಿದ್ದಾಳಾ ನೋಡು. ಕಣ್ಣಿಗೆ ಒತ್ತಡ ಬೀಳುತ್ತದೆ, ಸಾಕು ಎನ್ನು.

ಅಕ್ಕಾ, ಯಜಮಾನರಿಗೆ ವಯಸ್ಸಾಗಿ ಮುದ್ರಣಾಲಯ ಮಾರಿದ ಮೇಲೆ ಕಪ್ತಾನ್ ತಾತನ ಪುಸ್ತಕಗಳು ನಿಂತುಹೋದದ್ದು ನಿನಗೆ ಗೊತ್ತು. ಹೊಸಬರು ಔಷಧಿ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿ ಅಚ್ಚು ಹಾಕುವವರು. ನಾನು ಅಲ್ಲೇ ಉಳಿದು ತಲೆಸುತ್ತು, ವಾಂತಿ, ಮೈ ಕಡಿತಗಳನ್ನು ತಿದ್ದುತ್ತಾ ಕುಳಿತೆ. ಆದರೆ ಕೈ ಸುಮ್ಮನಿರಬೇಕಲ್ಲ. ಕೆಲಸಕ್ಕೆ ಹೊರಡುವ ಮುಂಚೆ ದಿನಾ ಬೆಳಿಗ್ಗೆ ಊಟದ ಮೇಜಿನ ಮೇಲೆ ಬರೆದು ಬರೆದು ಒಂದು ಕಾದಂಬರಿ ಮುಗಿಸಿದೆ. ಗವಿ, ಕಳ್ಳರು, ನಾಲ್ಕು ಮಕ್ಕಳು, ಒಬ್ಬ ನಿವೃತ್ತ ಅರಣ್ಯಾಧಿಕಾರಿ. ನನ್ನ ಹೆಸರಿನಲ್ಲೇ ಒಂದು ಪ್ರಕಾಶನಕ್ಕೆ ಕಳಿಸಿದೆ. ಬಂದ ಉತ್ತರ ಕೇಳಿದರೆ ನೀನು ನಂಬುವುದಿಲ್ಲ. "ಕಪ್ತಾನ್ ತಾತನ ಪುಸ್ತಕಗಳನ್ನು ನೀವು ಬಹಳ ಪ್ರೀತಿಯಿಂದ ಓದಿದ್ದೀರಿ ಅನ್ನಿಸುತ್ತದೆ. ಆದರೆ ನಕಲು ನಕಲೇ. ನಿಮ್ಮದೇ ದನಿ ಹುಡುಕಿಕೊಳ್ಳಿ." ಇವರಿಗೆ ಓದಿ ಹೇಳಿದೆ. ಕಾಫಿ ನೆತ್ತಿಗೇರುವಷ್ಟು ನಕ್ಕರು. ನಿನ್ನ ಜೇಬಿಗೆ ನೀನೇ ಕೈ ಹಾಕಿ ಸಿಕ್ಕಿಬಿದ್ದೆಯಲ್ಲ ಎಂದರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಮಾತ್ರ ಒಂದು ವಾರ ಯಾವ ಊಟವೂ ರುಚಿಸಲಿಲ್ಲ.

ಆ ಸಂಪಾದಕಿಯನ್ನು ನೋಡಲೇಬೇಕು ಅನ್ನಿಸಿತು. ಟೈರ್ ಅಂಗಡಿಯ ಮೇಲೆ ಅವರ ಆಫೀಸು, ಮೆಟ್ಟಿಲ ತುಂಬಾ ರಬ್ಬರಿನ ವಾಸನೆ. ನಮ್ಮ ಗುಬ್ಬಿಯ ವಯಸ್ಸಿನವಳು. ಅವಳ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಮೇಲಿನ ಸಾಲು ಪೂರ್ತಿ ಕಪ್ತಾನ್ ತಾತನೇ, ಬೆನ್ನು ಹರಿದು ಅಂಟುಪಟ್ಟಿ ಹಾಕಿಸಿಕೊಂಡು ನಿಂತಿದ್ದಾನೆ. ಆ ಹುಡುಗಿ ನನ್ನ ಹಸ್ತಪ್ರತಿ ತೆರೆದು, ಸಂಕೋಚದಿಂದಲೇ, ಆದರೆ ನೇರವಾಗಿ ಹೇಳಿದಳು. "ಮೇಡಂ, ನಿಮ್ಮ ಮಕ್ಕಳು ಎಲ್ಲೂ ಹೆದರೋದೇ ಇಲ್ಲ. ಯಾಕೆ ಹೆದರ್ತಾರೆ? ಕೊನೇಲಿ ದೊಡ್ಡವರು ಬಂದು ಬಿಡಿಸ್ತಾರೆ ಅಂತ ಅವರಿಗೆ ಮೊದಲೇ ಗೊತ್ತು. ಕಪ್ತಾನ್ ತಾತನಿಗೆ ಖಾಕಿ ಹಾಕಿದೀರಿ, ಅಷ್ಟೇ." ನಾನೇ ಕಣಮ್ಮ ಆ ತಾತ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಕೆಳಗಿಳಿದು ಬಂದವಳೇ ಸೀದಾ ಯಜಮಾನರ ಮನೆಗೆ ಹೋದೆ.

ಅವರು ಕಿಟಕಿಯ ಪಕ್ಕ ಕುಳಿತು ಹಳೆಯ ಬೀಗವೊಂದಕ್ಕೆ ಎಣ್ಣೆ ಬಿಡುತ್ತಿದ್ದರು. ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಆದ್ದರಿಂದ ನನ್ನ ಕಷ್ಟವನ್ನು ಕೂಗಿ ಕೂಗಿ ಹೇಳಬೇಕಾಯಿತು. ನಾನು ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸಿ, ಆ ಪುಸ್ತಕಗಳು ನನ್ನವು ಎಂದು ಹೇಳಿಕೊಂಡರೆ ನಕಲು ಎನ್ನುವ ಆರೋಪ ತಪ್ಪುತ್ತದೆ ಎಂದೆ. ಅವರು ಬೀಗದಿಂದ ತಲೆ ಎತ್ತದೆ ಹೇಳಿದ್ದು ಇಷ್ಟೇ. "ಕಪ್ತಾನ್ ಸಮುದ್ರದ ಮೇಲಿದಾನೆ ಅಂತ ಮಕ್ಕಳು ಅಂದ್ಕೊಂಡಿದಾರೆ. ಅವನು ಕರಡು ತಿದ್ದೋ ಹೆಂಗಸು ಅಂತ ಹೇಳೋಕೆ ನನಗೆ ಮನಸ್ಸಿಲ್ಲ." ಅಕ್ಕಾ, ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಅಷ್ಟು ವರ್ಷ ಉಪ್ಪುನೀರು ಕುಡಿಸಿ, ಬಿರುಗಾಳಿ ಎಬ್ಬಿಸಿ, ತಿಮಿಂಗಿಲ ಹಿಡಿದುಕೊಟ್ಟವಳು ಕರಡು ತಿದ್ದುವ ಹೆಂಗಸಾಗಿಯೇ ಉಳಿದಳು. ಆವತ್ತು ಮನೆಗೆ ಬಂದು ಹಸ್ತಪ್ರತಿಯನ್ನು ಅಟ್ಟಕ್ಕೆ ಹಾಕಿದೆ. ಇನ್ನು ಬರೆಯುವುದಿಲ್ಲ ಎಂದು ಇವರಿಗೆ ಹೇಳಿದೆ. ಇವರು ಊಟದ ಮೇಜಿನ ಮೇಲಿದ್ದ ನನ್ನ ಪೆನ್ನುಗಳನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.

ಹಾಗೇ ಕೆಲವು ತಿಂಗಳು ಹೋದವು. ಒಂದು ಮಧ್ಯಾಹ್ನ ಕೆಲಸದಲ್ಲಿ ವಾಕರಿಕೆ ಮಾತ್ರೆಯ ಚೀಟಿ ತಿದ್ದುತ್ತಿದ್ದೆ. "ಬಸ್ಸು ಅಥವಾ ದೋಣಿ ಪ್ರಯಾಣಕ್ಕೆ ಅರ್ಧ ಗಂಟೆ ಮೊದಲು" ಎಂದಿತ್ತು. ದೋಣಿ ಎಂಬ ಪದಕ್ಕೆ ಬಂದು ನನ್ನ ಪೆನ್ಸಿಲ್ ನಿಂತುಬಿಟ್ಟಿತು. ನಿನಗೆ ನೆನಪಿದೆಯಲ್ಲ ಅಕ್ಕಾ? ನೀನು ಹತ್ತರವಳು, ನಾನು ಏಳರವಳು, ನದಿ ದಂಡೆಯಲ್ಲಿ ಕಟ್ಟಿದ್ದ ಯಾರದೋ ದೋಣಿಯೊಳಗೆ ಸುಮ್ಮನೆ ಕುಳಿತುಕೊಳ್ಳಲು ಹೋದದ್ದು, ಹಗ್ಗ ಜಾರಿದ್ದು, ನೋಡುನೋಡುತ್ತಿದ್ದಂತೆ ದಂಡೆ ದೂರವಾದದ್ದು. ನೀನು ನಿನ್ನ ಫ್ರಾಕಿನ ಬೆಲ್ಟು ಬಿಚ್ಚಿ ನನ್ನ ಸೊಂಟವನ್ನು ದೋಣಿಯ ಅಡ್ಡಹಲಗೆಗೆ ಕಟ್ಟಿದೆ. ಹುಟ್ಟು ಇರಲಿಲ್ಲ. ಸಡಿಲವಾಗಿದ್ದ ಒಂದು ಹಲಗೆಯನ್ನು ಒದ್ದು ಒದ್ದು ಕಿತ್ತೆ. ಅಂಗೈ ಸಿಪ್ಪೆ ಸುಲಿಯುವವರೆಗೆ ನೀರು ತಳ್ಳಿದೆ, ತಳ್ಳುತ್ತಾ ಒಂದೇ ಸಮನೆ ಅತ್ತೆ, ಅಳುತ್ತಾ ಒಂದೇ ಸಮನೆ ನನ್ನನ್ನು ಬೈದೆ. ನನಗೆ ಅದೇ ಹೊತ್ತಿಗೆ ಒಂದಕ್ಕೆ ಅವಸರವಾಯಿತು. "ತಡ್ಕೋ, ಇಲ್ಲಾಂದ್ರೆ ಅಲ್ಲೇ ಮಾಡ್ಕೋ, ನಾನು ನೋಡಲ್ಲ" ಎಂದೆಯಲ್ಲ, ಆ ದನಿ ನನಗೆ ಈಗಲೂ ಕೇಳಿಸುತ್ತದೆ. ಯಾರೂ ಬರಲಿಲ್ಲ. ಯಾವ ತಾತನೂ ಬರಲಿಲ್ಲ. ಎಷ್ಟೋ ದೂರ ಕೆಳಗೆ ನಾವೇ ದಡ ಮುಟ್ಟಿ, ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು, ದಂಡೆ ಹಿಡಿದು ನಡೆದು ಮನೆ ಸೇರಿದೆವು. ಆ ಹುಡುಗಿ ಟೈರ್ ಅಂಗಡಿಯ ಮೇಲೆ ಕುಳಿತು ಹೇಳಿದ್ದು ಇದನ್ನೇ. ಕಡಲನ್ನೇ ನೋಡದ ನಾನು ಕಡಲಿನ ಮೇಲೆ ಇಪ್ಪತ್ತು ಪುಸ್ತಕ ಬರೆದು, ಕಣ್ಣಾರೆ ಕಂಡ ಒಂದು ನದಿಯನ್ನು ಬಿಟ್ಟೇಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆಯೇ ಶುರು ಮಾಡಿದೆ. ಹಳೆಯ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮೂರನೆಯ ಅಧ್ಯಾಯದಲ್ಲಿ ದಡದ ಮೇಲೆ ಒಬ್ಬ ಮೀನುಗಾರ ಅಜ್ಜ ತಾನಾಗಿಯೇ ಬಂದು ನಿಂತ. ಹೊಡೆದು ಹಾಕಿದೆ. ಆರನೆಯದರಲ್ಲಿ ಪೊಲೀಸಿನವರ ಲಾಂಚು ಬಂತು, ಅದನ್ನೂ ವಾಪಸು ಕಳಿಸಿದೆ. ಯಾರೂ ಬರದಿದ್ದರೆ ಮುಂದೇನು ಎಂದು ತೋಚದೆ ಹುಡುಗಿಯರ ಜೊತೆ ನಾನೂ ದೋಣಿಯಲ್ಲಿ ಸಿಕ್ಕಿಕೊಂಡ ದಿನಗಳಿದ್ದವು. ಕೊನೆಗೆ ಕಥೆಯ ಅಕ್ಕ ಹಲಗೆ ಒದೆಯಲು ಶುರುಮಾಡಿದಳು, ನಾನು ಅವಳ ಹಿಂದೆ ಬರೆಯುತ್ತಾ ಹೋದೆ. ಮತ್ತೆ ಅದೇ ಸಂಪಾದಕಿಗೆ ಕಳಿಸಿದೆ. ಈ ಸಲ ಕಾಗದ ಬರಲಿಲ್ಲ, ಅವಳೇ ಫೋನು ಮಾಡಿದಳು. ಕೆಲಸದ ನಡುವೆ, ಅಚ್ಚಿನ ಯಂತ್ರದ ಗದ್ದಲದಲ್ಲಿ ಅವಳ ಮಾತು ಅರ್ಧಂಬರ್ಧ ಕೇಳಿಸಿತು. ಇದನ್ನು ಓದುವಾಗ ತನಗೆ ಕಪ್ತಾನ್ ತಾತ ನೆನಪಾಗಲೇ ಇಲ್ಲ, ತನ್ನ ಅಣ್ಣ ನೆನಪಾದ ಎಂದಳು. ಪುಸ್ತಕ ಮಾಡೋಣ ಎಂದದ್ದು ಮಾತ್ರ ಸರಿಯಾಗಿ ಕೇಳಿಸಿತು.

ಬಂದ ಪ್ರತಿಗಳಲ್ಲಿ ಮೊದಲನೆಯದನ್ನು ಯಾರಿಗೆ ಕೊಟ್ಟೆ ಗೊತ್ತಾ? ಯಜಮಾನರಿಗೆ. ಇವರು ಬೇಡ ಎಂದರು, ನನ್ನ ಮನಸ್ಸು ಕೇಳಲಿಲ್ಲ. ಒಂದು ವಾರ ಸದ್ದಿಲ್ಲ. ಆಮೇಲೆ ಬಾ ಎಂದು ಹೇಳಿ ಕಳಿಸಿದರು. ಭೂತಗನ್ನಡಿ ಹಿಡಿದು ಕಡೆಯ ಪುಟದವರೆಗೂ ಓದಿದ್ದರು, ನಾನು ಕಂಡ ಒತ್ತಕ್ಷರದ ತಪ್ಪಿಗೆ ಅವರೂ ಗುರುತು ಹಾಕಿದ್ದರು. ಬಹಳ ಹೊತ್ತು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಿನ್ನ ಹುಡುಗೀರು ಚೆನ್ನಾಗಿ ಹೆದರ್ತಾರೆ. ನಮ್ಮ ಕಪ್ತಾನ್‌ಗೆ ಇದು ಬರ್ತಿರಲಿಲ್ಲ" ಎಂದರು. ಪುಸ್ತಕ ಮುಚ್ಚಿಟ್ಟು, "ಇನ್ನು ಯಾರಿಗೆ ಬೇಕಾದ್ರೂ ಹೇಳ್ಕೋ. ನಾನು ತಡೆಯಲ್ಲ" ಎಂದರು. ವಿಚಿತ್ರ ನೋಡು, ಬಿಡುಗಡೆ ಸಿಕ್ಕಿದ ಕೂಡಲೇ ಊರಿಗೆಲ್ಲ ಸಾರಬೇಕೆಂಬ ಆಸೆಯೇ ಹೊರಟುಹೋಯಿತು. ಗುಬ್ಬಿಯೊಬ್ಬಳಿಗೆ ಹೇಳಬೇಕು ಅನ್ನಿಸಿತು, ಹೇಳಿದ್ದಾಯಿತು. ಗುಬ್ಬೀ, ನಿನ್ನ ತಾತನನ್ನು ಕಿತ್ತುಕೊಂಡೆ ಎಂದು ಬೇಜಾರಾಗಬೇಡ. ಆ ಗಡ್ಡ ನಿನಗೇ ಇರಲಿ.

ಮೊನ್ನೆ ಮಕ್ಕಳ ಗ್ರಂಥಾಲಯದಲ್ಲಿ ನನ್ನಿಂದ ಒಂದು ಅಧ್ಯಾಯ ಓದಿಸಿದರು. ಚಿಕ್ಕ ಕುರ್ಚಿಗಳು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮಕ್ಕಳು ಮಧ್ಯದಲ್ಲಿ ಎದ್ದು ಹೋದರೆ ಏನು ಮಾಡುವುದು ಎಂದು ಬಾಗಿಲ ಕಡೆ ಒಂದು ಕಣ್ಣು ಇಟ್ಟುಕೊಂಡೇ ಓದಿದೆ. ಯಾರೂ ಏಳಲಿಲ್ಲ. ಮುಗಿದ ಮೇಲೆ ಮುಂದಿನ ಹಲ್ಲು ಬಿದ್ದ ಒಬ್ಬಳು ಹುಡುಗಿ ಕೈ ಎತ್ತಿದಳು. ಏನು ಕೇಳುತ್ತಾಳೋ ಎಂದು ಕಾದೆ. "ಕಪ್ತಾನ್ ತಾತನ ಕಥೇಲಿ ಯಾರಿಗೂ ಒಂದಕ್ಕೆ ಬರೋದೇ ಇಲ್ಲ. ಇದರಲ್ಲಿ ಬರುತ್ತೆ" ಎಂದಳು, ಕೂತುಕೊಂಡಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ ನಗಲಿಲ್ಲ, ಗಂಭೀರವಾಗಿ ತಲೆ ಆಡಿಸಿದಳು. ಯಾವ ದೊಡ್ಡ ಮನುಷ್ಯರು ಹೊಗಳಿದ್ದರೂ ನನಗೆ ಅಷ್ಟು ಹಗುರ ಅನ್ನಿಸುತ್ತಿರಲಿಲ್ಲ ಅಕ್ಕಾ.

ಇನ್ನು ನಿಲ್ಲಿಸುತ್ತೇನೆ, ಗುಬ್ಬಿಯ ಗಂಟಲು ಒಣಗಿರುತ್ತದೆ. ಅವಳಿಗೆ ನೀರು ಕೊಡು. ಬೇಡ, ನೀನು ಏಳಬೇಡ, ಅವಳೇ ಕುಡಿಯಲಿ. ಅಳಿಯನಿಗೆ ನಮ್ಮಿಬ್ಬರ ನೆನಪು ಹೇಳು. ಗುಬ್ಬಿಗೆ ಆಶೀರ್ವಾದ. ಕಣ್ಣು ಬೇಗ ತಿಳಿಯಾಗಲಿ, ಆಮೇಲೆ ನಿನ್ನ ಕಣ್ಣಿಂದ ನೀನೇ ಜಗಳಕ್ಕೆ ಕಾಲು ಕೆರೆದು ಕಾಗದ ಬರಿ.

ನಿನ್ನ ಬೈಗುಳ ತಿಂದೇ ದಡ ಸೇರಿದ,
ತಂಗಿ

ಮರೆತಿದ್ದೆ: ಪ್ರಕಾಶನದವರು ಎರಡನೆಯ ಪುಸ್ತಕ ಕೇಳಿದ್ದಾರೆ, ಹೂಂ ಎಂದಿದ್ದೇನೆ. ಔಷಧಿ ಚೀಟಿಯ ಕೆಲಸಕ್ಕೆ ಇವತ್ತು ಬೆಳಿಗ್ಗೆ ರಾಜೀನಾಮೆ ಕೊಟ್ಟು ಬಂದೆ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುವುದು ಅದಕ್ಕೇ. ಇವರಿಗೂ ಇನ್ನೂ ಹೇಳಿಲ್ಲ, ಸಂಜೆ ಹೇಳುತ್ತೇನೆ. ಭಾನುವಾರದ ಬಸ್ಸಿಗೆ ಬರುತ್ತಿದ್ದೇನೆ. ಪುಸ್ತಕ ತರುತ್ತೇನೆ, ಗುಬ್ಬಿಯ ಕೈಯಲ್ಲಿ ಓದಿಸಿಕೊಳ್ಳಬೇಡ, ನಾನೇ ಓದಿ ಹೇಳುತ್ತೇನೆ. ಆ ಹಲಗೆ ಕೀಳುವ ಪುಟ ಬಂದಾಗ ನಿನ್ನ ಮುಖ ನೋಡಬೇಕು.