ಪೆಟ್ಟಿಗೆಯ ಕಳ್ಳಕಿಸೆ

ಮಸ್ಕಿ
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ಮಗ ವೀರೂಗೆ,

ನಿನ್ನ ಅವ್ವ ತಲೆ ಸವರಿ ಬರೆಯುವುದೇನೆಂದರೆ, ಮಲ್ಲಯ್ಯನ ದಯದಿಂದ ನಾನೂ ನಿನ್ನ ಹೆಂಡತಿ ಅಶ್ವಿನಿಯೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀ? ಕೈ ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕಾಗದವನ್ನು ಅಲ್ಲಿಗೇ ಮಡಚಿಡುತ್ತೀ ಎಂದು ಗೊತ್ತು. ಊಟ ಸೇರುತ್ತದೆಯೋ, ನಿದ್ದೆ ಬರುತ್ತದೆಯೋ, ಅಷ್ಟನ್ನೇ ಕೇಳುತ್ತೇನೆ. ಸೂಗಪ್ಪ ಮಾವನಿಗೆ ಈ ವಾರ ಹಟ್ಟಿ ಚಿನ್ನದ ಗಣಿಯಲ್ಲಿ ಯಾವ ಪಾಳಿ? ರಾತ್ರಿ ಪಾಳಿಯಾದರೆ ಹಗಲೆಲ್ಲ ಮಲಗಿರುತ್ತಾನೆ, ಕ್ವಾರ್ಟರ್ಸಿನಲ್ಲಿ ಟಿವಿ ಜೋರಾಗಿ ಹಚ್ಚಬೇಡ. ನನ್ನ ತಮ್ಮ ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ, ಆದರೆ ನಿದ್ದೆಗೆಟ್ಟರೆ ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡುತ್ತಾನೆ. ನಾನು ಫೋನ್ ಮಾಡಿದಾಗಲೆಲ್ಲ ನೀನು "ಆರಾಮ ಅದೀನಿ ಬೇ, ಇಡ್ತೀನಿ" ಎಂದು ಒಂದೇ ಉಸಿರಿಗೆ ಮುಗಿಸುತ್ತೀ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೂತುಕೋ. ನಿನ್ನ ಗೇಮಿನ ಪೆಟ್ಟಿಗೆಗೆ ತೂತು ಕೊರೆದಿದ್ದೇವೆ. ಹೌದು, ಅದೇ ಪೆಟ್ಟಿಗೆ. ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹಿಂದಿದ್ದ ವಿಡಿಯೋ ಗೇಮ್ ಅಂಗಡಿ ಮುಚ್ಚಿದಾಗ ಖಾಲಿ ಖೋಕಾ ತಂದು, ಒಳಗೆ ಹೊಸ ಪರದೆ ಹೊಸ ವೈರು ಕೂಡಿಸಿ, ಹೊರಗೆ ಮಾತ್ರ ನಿನ್ನ ಐಟಿಐ ಕಾಲದಲ್ಲಿ ಇದ್ದ ಹಾಗೆಯೇ ಕೆಂಪು ಹಳದಿ ಬಳಿದು, "ಇದಕ್ಕ ಒಂದು ಮೊಳಿ ಹೊಡದ್ರ ನಾ ಮನ್ಯಾಗ ಇರಾಂಗಿಲ್ಲ ನೋಡ್ರಿ" ಎಂದು ನಮ್ಮಿಬ್ಬರನ್ನೂ ಹೆದರಿಸಿದ್ದೆಯಲ್ಲ, ಅದೇ. ಮೊಳೆ ಹೊಡೆಯದೆಯೂ ನೀನು ಮನೆಯಲ್ಲಿ ಇಲ್ಲ. ಇನ್ನು ಹೆದರುವುದೇನು ಎಂದುಕೊಂಡೆ.

ವಳಕಮದಿನ್ನಿ ಹತ್ತಿರ ಕಾಲುವೆ ದಾರಿಯಲ್ಲಿ ಗಾಡಿ ಜಾರಿ ಬಿದ್ದ ಮೇಲೆ ನೀನು ಆ ಪೆಟ್ಟಿಗೆಯ ಮುಂದೆ ನಿಂತದ್ದು ಒಂದೇ ಸಲ. ಬಲಗೈಯನ್ನು ಎತ್ತಿ ಬಟನ್‌ಗಳ ಮೇಲೆ ಇಟ್ಟೆ. ಬೆರಳು ಮಾತು ಕೇಳಲಿಲ್ಲ. ನಿನ್ನನ್ನು ಮಾತಾಡಿಸಲು ಬಂದ ಓಣಿಯ ಜನ ಹಿಂದೆ ನಿಂತು ನೋಡುತ್ತಿದ್ದರು. ಮರುದಿನವೇ "ಆ ಪೆಟ್ಟಿಗಿ ಮಾರಿಬಿಡು ಬೇ, ನನಗ ನೋಡಾಕ ಆಗವಲ್ದು" ಎಂದು ಹೇಳಿ ಮಾವನ ಮನೆಗೆ ಹೊರಟುಹೋದೆ. ಅಶ್ವಿನಿಗೆ ಅಷ್ಟನ್ನೂ ಹೇಳಲಿಲ್ಲ. ನೀವಿಬ್ಬರೂ ಸಂಜೆ ಹೆಗಲಿಗೆ ಹೆಗಲು ತಾಗಿಸಿ ನಿಂತು ಆಡುವುದೇನು, ಸೋತವರು ಜಗಳ ತೆಗೆಯುವುದೇನು, ನನ್ನ ರೊಟ್ಟಿ ಆರುವುದೇನು! ಈಗ ರೊಟ್ಟಿ ಬಿಸಿ ಇರುವಾಗಲೇ ಊಟ ಆಗುತ್ತದೆ. ಅದು ನನಗೆ ಸ್ವಲ್ಪವೂ ಸೇರುವುದಿಲ್ಲ.

ಹೋದ ತಿಂಗಳು ಸಿಂಧನೂರಿನ ಬೇಕರಿಯ ಖಾಜಾಸಾಬ್ ಪೆಟ್ಟಿಗೆ ನೋಡಲು ಬಂದಿದ್ದರು. ಎಮ್ಮೆ ಕೊಳ್ಳುವವರ ಹಾಗೆ ಅದರ ಮೈಯೆಲ್ಲ ಸವರಿ, "ಇಂಥಾ ಮಾಲು ಈಗೆಲ್ಲಿ ಸಿಗತೈತ್ರೀ ಅವ್ವಾರ" ಅಂದರು. ಒಳಗೆ ಅಶ್ವಿನಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. "ಮಾಲಕ ಹಟ್ಟ್ಯಾಗ ಅದಾನ್ರಿ, ಅವನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದು ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ನಾನು ಒಂದು ಜಂಪರ್ ಹೊಲಿಯಲು ಕೂತೆ. ಅಶ್ವಿನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪೆಟ್ಟಿಗೆಯ ಮುಂದೆ ನಿಂತು, "ಅತ್ತೀ, ಆಟದ ಹ್ಯಾಂಡಲ್ ಹಿಡಿಯೋದು ಎಡಗೈ. ಅವರ ಎಡಗೈಗೆ ಏನಾಗೈತಿ?" ಅಂದಳು. ನನ್ನ ಮಶೀನು ನಿಂತಿತು. ಕೆಳಗೆ ನೋಡಿದೆ. ಕೈಗಳು ಬಟ್ಟೆ ನಡೆಸುವಾಗ ಕಾಲುಗಳು ತಮ್ಮ ಪಾಡಿಗೆ ತಾವು ತುಳಿಯುತ್ತಿದ್ದವಲ್ಲ! ಇಷ್ಟು ವರ್ಷ ಮಶೀನು ತುಳಿದವಳಿಗೆ ತನ್ನ ಕಾಲು ಕಣ್ಣಿಗೆ ಬಿದ್ದದ್ದು ಅವತ್ತೇ.

ನಿನ್ನ ಗೆಳೆಯ ಮುಷರಫ್‌ನನ್ನು ಅವನ ಮೊಬೈಲ್ ಅಂಗಡಿಯಿಂದ ಕರೆಸಿದೆ. ಬಟನ್ ಒತ್ತುವ ಕೆಲಸವನ್ನು ಕಾಲಿಗೆ ಒಪ್ಪಿಸಲು ಬರುತ್ತದೆಯೇ ಎಂದು ಕೇಳಿದೆ. "ಯಾಕ ಬರಾಂಗಿಲ್ರೀ? ಬಟನ್ನಿನ ವೈರಿಗೆ ಇನ್ನೊಂದು ವೈರು ಕೂಡಿಸಿ ಹೊರಗೊಂದು ತೂತು ಕೊಡೋದು, ಕಾಲಿಂದು ತಂದು ಅದಕ್ಕ ಚುಚ್ಚೋದು" ಎಂದ. ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿ ಬ್ಯಾಟರಿ ಬೆಳಕು ಬಿಟ್ಟ. ಒಳಗೆ ಕಾಗೆಗೂಡು ಇರುತ್ತದೆ ಎಂದುಕೊಂಡು ನಾನು ಬಗ್ಗಿದೆ. ವೀರೂ, ನಾನು ಕಂಡದ್ದನ್ನು ಹೇಗೆ ಬರೆಯಲಿ! ಒಂದೊಂದು ಬಣ್ಣದ ವೈರೂ ತನ್ನ ಸಾಲು ಬಿಡದೆ ಮಲಗಿದೆ. ತಿರುವಿನಲ್ಲೆಲ್ಲ ಬಿಳಿ ದಾರದ ಕಟ್ಟು. ಆ ದಾರ ನನ್ನದು. ಗಂಟೂ ನನ್ನದು, ಗುಂಡಿಯ ಕಾಜಾ ಮುಗಿಸುವಾಗ ಎರಡು ಸುತ್ತು ಸುತ್ತಿ ಒಳಗಿಂದ ಎಳೆಯುತ್ತೇನಲ್ಲ, ಅದೇ. ಅದನ್ನು ನಾನು ನಿನಗೆ ಯಾವತ್ತೂ ಕಲಿಸಲಿಲ್ಲ. ನೀನು ಮಶೀನಿನ ಬುಡದಲ್ಲಿ ಕೂತು ಚಿಂದಿ ಆರಿಸುತ್ತಿದ್ದೆ, ಅಷ್ಟೇ. ಡ್ರಾದಲ್ಲಿ ದಾರದ ಉಂಡೆ ಕಾಣೆಯಾದಾಗಲೆಲ್ಲ ನಾನು ಇಲಿಗೆ ಹಿಡಿಶಾಪ ಹಾಕುತ್ತಿದ್ದೆ, ಆ ಇಲಿ ಯಾವುದೆಂದು ಈಗ ಗೊತ್ತಾಯಿತು. ಅಂಗಿಯ ಒಳಮೈ ತಿರುವಿ ನೋಡಿದರೆ ಹೊಲಿದವನ ಯೋಗ್ಯತೆ ತಿಳಿಯುತ್ತದೆ. ನಾನು ನಿನ್ನ ಪೆಟ್ಟಿಗೆಯನ್ನು ಹೊರಗಿನಿಂದಷ್ಟೇ ನೋಡಿ ಪೋರರ ಆಟ ಎಂದುಕೊಂಡಿದ್ದೆ. ಹೊಸ ವೈರುಗಳನ್ನು ಮುಷರಫ್ ಬೆಸೆದ, ಆದರೆ ನಿನ್ನ ಸಾಲಿಗೆ ಸೇರಿಸಿ ಕಟ್ಟಿದವಳು ನಾನು. ಯಾವ ಗಂಟು ನಿನ್ನದು, ಯಾವುದು ನನ್ನದು ಎಂದು ಈಗ ನನಗೇ ಗುರುತು ಸಿಗುವುದಿಲ್ಲ.

ತೂತು ಎಲ್ಲಿ ಎಂಬುದಕ್ಕೆ ಒಂದು ಪಂಚಾಯಿತಿಯೇ ಆಯಿತು. ಮುಂದುಗಡೆ ಇಟ್ಟರೆ ಸಲೀಸು ಎಂದ ಮುಷರಫ್. ಸಾಧ್ಯವಿಲ್ಲ ಎಂದೆ. ಪೆಟ್ಟಿಗೆ ನೋಡಿದವರು "ಇದೇನು?" ಎಂದು ಕೇಳಬಾರದು, ನೀನು "ಇದು ನನ್ನ ಕೈಗಾಗಿ" ಎಂದು ಯಾರಿಗೂ ಹೇಳುವ ಪ್ರಸಂಗ ಬರಬಾರದು. ಸಂತೆಗೆ ಹೋಗುವವರ ಅಂಗಿಗೆ ನಾನು ಕಳ್ಳಕಿಸೆ ಇಡುತ್ತಿದ್ದುದು ನಿನಗೆ ನೆನಪಿರಬೇಕು. ನೋಡುವವರಿಗೆ ಹೊಲಿಗೆಯೂ ಕಾಣಬಾರದು. ತೊಟ್ಟವನ ಕೈ ಮಾತ್ರ ಕಣ್ಣಿನ ಸಹಾಯವಿಲ್ಲದೆ ನೇರ ಅಲ್ಲಿಗೆ ಹೋಗಬೇಕು. ಹಾಗೆ ಬಟನ್ ಹಲಗೆಯ ಅಡಿಗೆ, ಇಯರ್‌ಫೋನ್ ಚುಚ್ಚುವಂಥ ಎರಡು ಸಣ್ಣ ತೂತು ಎಂದು ಒಪ್ಪಿಕೊಂಡೆವು. ನಾನೇ ಅಳೆದು ಚಾಕ್‌ಪೀಸಿನಿಂದ ಗುರುತು ಹಾಕಿದೆ, ಅವನು ಕೊರೆದ. ಡ್ಯೂಟಿ ಮುಗಿಸಿ ಬಂದ ಅಶ್ವಿನಿ ನರ್ಸಿನ ಬಟ್ಟೆಯಲ್ಲೇ ನೆಲಕ್ಕೆ ಕೂತು, ಬಗ್ಗಿ, ಬೆರಳಾಡಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಅತ್ತೀ, ಬಲಗಡೆ ಇಟ್ಟೀರಿ" ಅಂದಳು.

ಕಿಸೆ ಎಂದರೆ ಬಲಗೈ ಬೀಳುವಲ್ಲಿ ಇಡುವುದು ರೂಢಿ ಎಂದು ಮುಷರಫ್‌ನ ಮುಂದೆ ಸಮಜಾಯಿಷಿ ಹೇಳಿದೆ. ನಿಜ ಅದಲ್ಲ. ನನ್ನ ಮನಸ್ಸಿನಲ್ಲಿ ನಿನ್ನ ಬಲಗೈ ಇವತ್ತಿಗೂ ಮೊದಲಿನ ಹಾಗೆಯೇ ಇದೆ. ಪಟಪಟ ಬಟನ್ ಒತ್ತುತ್ತದೆ, ನಾನು ಕೊಟ್ಟ ಸೂಜಿಗೆ ದಾರ ಪೋಣಿಸುತ್ತದೆ. ಅಳು ಬಂತು, ಅತ್ತೆ. ಅಶ್ವಿನಿಯೂ ಅತ್ತಳು. ಮುಷರಫ್ ಸುಮ್ಮನೆ ಮಶೀನಿನ ಕಡೆ ತಿರುಗಿ ನಿಂತ. ಮತ್ತೆ ಎಡಗಡೆ ಹೊಸದಾಗಿ ಗುರುತು ಹಾಕಿ ಕೊರೆಸಿದೆವು. ತಪ್ಪಿದ ಜಾಗಕ್ಕೆ ಕಟ್ಟಿಗೆ ಪುಡಿ, ಅಂಟು ತುಂಬಿ ರಫೂ ಮಾಡಿದ್ದೇನೆ. ಸರಿಯಾದ ಜಾಗಕ್ಕೆ ಹಲಗೆಗೆ ಇರುವಂಥದೇ ಕರಿ ರೆಕ್ಸಿನ್ನಿನ ಮುಚ್ಚಳ ಹೊಲಿದು, ಪರ್ಸಿಗೆ ಹಾಕುವ ಮ್ಯಾಗ್ನೆಟ್ ಗುಂಡಿ ಕೂಡಿಸಿದ್ದೇನೆ. ಖಾಜಾಸಾಬ್ ಮತ್ತೊಮ್ಮೆ ಬಂದು ಸವರಿದರೂ ಪತ್ತೆ ಹಚ್ಚಲಾರರು.

ಆ ತೂತುಗಳಿಗೆ ಚುಚ್ಚಲು ಬರುವ ಹಾಗೆ ಕಾಲಿಗೆ ಎರಡು ಮಣೆ ಮಾಡಿದ್ದೇವೆ. ಅಡಿಗೆ ಕಾಲಿಂಗ್ ಬೆಲ್ಲಿನ ಬಟನ್, ಮೇಲೆ ಕಾಲು ಜಾರದಂತೆ ಹಳೆಯ ಜಮಖಾನೆಯ ತುಂಡು. ನಿನ್ನ ವಿಮಾನದ ಆಟದಲ್ಲಿ ಬಲಗಾಲು ಗುಂಡು, ಎಡಗಾಲು ಬಾಂಬು. ಮೊದಲು ನಾನು ಕೂತೆ. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ವಿಮಾನ ಏರುವ ಮೊದಲೇ ಸತ್ತೆ. ಮತ್ತೆ ಸತ್ತೆ. ಆಮೇಲೆ ಏನಾಯಿತೋ, ಕಾಲಿಗೆ ಮಶೀನಿನ ಲಯ ನೆನಪಾಯಿತು. ಇಲ್ಲಿ ಕಾಲ ತುದಿ ಟಕ್ ಅಂದರೆ ಅಲ್ಲಿ ಆಕಾಶವೇ ಹೊತ್ತಿಕೊಳ್ಳುತ್ತದಲ್ಲೋ! ಮುಟ್ಟಿದ್ದು ಮಣೆ, ಬೆಳಗಿದ್ದು ಆಕಾಶ. ಮೈ ಜುಮ್ಮೆಂದಿತು. ಈ ವಯಸ್ಸಿನಲ್ಲಿ ಇಂಥದ್ದೊಂದು ಸೋಜಿಗ ನನ್ನ ಪಾದಕ್ಕೆ ಸಿಕ್ಕೀತೆಂದು ಯಾರು ಎಣಿಸಿದ್ದರು? ಆಮೇಲೆ ಅಶ್ವಿನಿ ಆಡಿದಳು. ಅವಳೂ ಎಡಗೈಯಲ್ಲೇ. ಅವಳ ಮುಖದ ಮೇಲೆ ಆ ಕೆಂಪು ನೀಲಿ ಬೆಳಕು ಬಿದ್ದದ್ದನ್ನು ನಾನು ಎಷ್ಟು ದಿನದ ಮೇಲೆ ನೋಡಿದೆನೋ! ಗೆದ್ದವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇನ್ನೂ ನಿನ್ನ ಹೆಸರೇ ಇದೆ. ಎಲ್ಲರಿಗಿಂತ ಕೆಳಗೆ ಜಂಬಮ್ಮನ ಹೆಸರು ಹೊಸದಾಗಿ ಬಂದಿದೆ. ಮೈಮರೆಯಬೇಡ, ಟೇಲರ್ ಕಾಲು ಒಮ್ಮೆ ಓಟ ಹಿಡಿದರೆ ನಿಲ್ಲುವುದಲ್ಲ.

ಇನ್ನು ಹೆಚ್ಚೇನು ಬರೆಯಲಿ. ಸೂಗಪ್ಪ ಮಾವನಿಗೆ ಅಕ್ಕ ಕೇಳಿದಳೆಂದು ಹೇಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಕಳಿಸಿದ್ದೇನೆ, ಇಬ್ಬರೂ ಹಂಚಿಕೊಂಡು ತಿನ್ನಿ. ಹೊಟ್ಟೆ ತುಂಬ ಉಣ್ಣು, ತಣ್ಣಗಿರು, ಮಲ್ಲಯ್ಯ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಜಂಬಮ್ಮ

ತಾ. ಕ.: ಈ ಕಾಗದ ಒಯ್ಯಲು ಮುಷರಫ್ ಬಾಗಿಲಲ್ಲಿ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬರುವ ಸೋಮವಾರ ಸಂಜೆ ನಾನೂ ಅಶ್ವಿನಿಯೂ ಗುಡ್ಡದ ಮಲ್ಲಯ್ಯನ ಗುಡಿಗೆ ಹೋಗುತ್ತೇವೆ, ಕತ್ತಲಾಗುವವರೆಗೂ ಇಳಿಯುವುದಿಲ್ಲ. ಬೀಗದ ಕೈ ಯಾವಾಗಲೂ ಇಡುವ ಜಾಗದಲ್ಲೇ ಇರುತ್ತದೆ. ಮನೆಯಲ್ಲಿ ಯಾರೂ ಇರುವುದಿಲ್ಲ, ನಿನ್ನ ಹಿಂದೆ ಯಾರೂ ನಿಲ್ಲುವುದಿಲ್ಲ. ಹಲಗೆಯ ಅಡಿಗೆ ಎಡಗೈ ಆಡಿಸು, ಕಿಸೆ ತಾನಾಗಿ ಸಿಗುತ್ತದೆ. ಆಡಿ ನೋಡಿದ ಮೇಲೂ ಬೇಡವೆನಿಸಿದರೆ ಪೆಟ್ಟಿಗೆ ಆರಿಸಿ, ಹಟ್ಟಿಗೆ ಮರಳಲು ಲಿಂಗಸುಗೂರು ಬಸ್ಸು ಹತ್ತು. ಬಂದಿದ್ದೆಯಾ ಎಂದು ನಾನು ಯಾವತ್ತೂ ಕೇಳುವುದಿಲ್ಲ, ಖಾಜಾಸಾಬರಿಗೆ ಹೂಂ ಎಂದುಬಿಡುತ್ತೇನೆ. ಇರಬೇಕು ಅನ್ನಿಸಿದರೆ ಪೆಟ್ಟಿಗೆ ಆರಿಸಬೇಡ, ಕಿಟಕಿ ತೆರೆದಿಡು. ಗುಡಿಯ ಮೆಟ್ಟಿಲ ಮೇಲಿಂದ ನಮ್ಮ ಕಿಟಕಿಯ ಬೆಳಕು ಕಾಣುತ್ತದೆ. ಅಶ್ವಿನಿಗೆ ಇದೊಂದನ್ನೂ ಹೇಳಿಲ್ಲ. ಅವಳನ್ನು ಊರಿನ ಕಡೆ ಮುಖ ಮಾಡಿ ಕೂಡಿಸಿಕೊಂಡಿರುತ್ತೇನೆ.