ಕಿವಿಯೊಳಗಿನ ಗಿಟಾರ್

ಮಾರ್ಚ್ ೧೪, ಮಂಗಳವಾರ
ಮಧ್ಯಾಹ್ನ ಎರಡೂವರೆ

ನನ್ನ ನೈಟ್ ಡ್ಯೂಟಿಯವರಿಗೆ,

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ, ನಾನೇ ನಿಮ್ಮ ಅಕ್ಕನ ಮನೆಗೆ ಬಂದು ಬಾಗಿಲು ತಟ್ಟಿದರೆ ಹಿಂದಿನ ಕೋಣೆ ಸೇರಿಕೊಂಡು ಚಿಲಕ ಹಾಕಿಕೊಳ್ಳುತ್ತೀರಿ. ಇನ್ನೇನು ಮಾಡಲಿ ಹೇಳಿ. ಇದನ್ನು ನಿಮ್ಮ ಅಕ್ಕನ ಕೈಗೆ ಕೊಡುತ್ತೇನೆ. ಓದಿ ಮುಗಿಸುವ ತನಕ ತಮ್ಮನ ಎದುರಿಗೇ ಕೂತಿರಿ ಅಂತ ಅವರ ಕೈಕಾಲು ಹಿಡಿಯುತ್ತೇನೆ. ಅವರ ಮೇಲೆ ಸಿಟ್ಟು ಮಾಡಬೇಡಿ.

ಬೆಳಿಗ್ಗೆ ಅವರೇ ಫೋನ್ ಮಾಡಿದ್ದರು. ನೀವು ಮಲಗುವುದೇ ಇಲ್ಲವಂತೆ. ನಿದ್ದೆ ಬಂದರೆ ಎದ್ದು ಮುಖಕ್ಕೆ ತಣ್ಣೀರು ಎರಚಿಕೊಳ್ಳುತ್ತೀರಂತೆ, ಕೂತಲ್ಲೇ ತೂಕಡಿಸಿ ಬೆಚ್ಚಿ ಬೀಳುತ್ತೀರಂತೆ, ತೋಳು ಚಿವುಟಿಕೊಂಡು ಚಿವುಟಿಕೊಂಡು ನೀಲಿಗಟ್ಟಿದೆಯಂತೆ. "ನೋಡೇ, ಹೀಗೇ ಇನ್ನೊಂದು ತಿಂಗಳು ಹೋದ್ರೆ ನನ್ನ ತಮ್ಮ ನಮಗೆ ಉಳಿಯಲ್ಲ, ನಿನ್ನ ಮಾತಾದ್ರೂ ಕೇಳ್ತಾನೇನೋ" ಅಂದರು ನಿಮ್ಮ ಅಕ್ಕ. ಅಳದೆ ಹೇಳಿದರು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ವಾರ್ಡಿನಲ್ಲಿ ರೋಗಿಗಳ ಕಡೆಯವರಿಗೆಲ್ಲ "ಸ್ವಲ್ಪ ಹೊತ್ತು ಮಲಕ್ಕೊಳ್ಳಿ, ನಾನಿದ್ದೀನಲ್ಲ" ಅನ್ನುವವರು ನೀವು. ನಿಮಗೆ ಹಾಗೆನ್ನುವವರು ಯಾರೂ ಇಲ್ಲದಂತಾಯಿತಲ್ಲ.

ನೀವು ಯಾಕೆ ಮಲಗುತ್ತಿಲ್ಲ ಎಂಬುದನ್ನೂ ಅವರು ಹೇಳಿದರು. "ನಾನು ನಿದ್ದೆ ಮಾಡ್ಬೇಕು ಅಂತ ಅವಳ ಕಿವಿಗೆ ಅದನ್ನ ತಂದು ಕೊಟ್ಟೆ. ನನ್ನ ನಿದ್ದೇನೇ ಅಮ್ಮನ್ನ ತಿಂತು" ಅಂದಿರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂಬ ಮಾತು ಕೇಳಿದ್ದೆ. ಎಮ್ಮೆ ತಾನೇ ಕಬ್ಬಿಣ ಕಾಯಿಸಿಕೊಂಡು ಬರೆ ಎಳೆದುಕೊಳ್ಳುವುದನ್ನು ಈಗ ನೋಡುತ್ತಿದ್ದೇನೆ.

ಅದನ್ನು ನೀವು ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಒಂದೇ ಮಲಗುವ ಕೋಣೆಯ ಈ ಮನೆಯಲ್ಲಿ ನೀವು ಬೆಳಿಗ್ಗೆ ಒಂಬತ್ತಕ್ಕೆ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಮೂರರ ತನಕ ಸೊಳ್ಳೆ ಕೆಮ್ಮಿದರೂ ಏಳುವ ನಿದ್ದೆ. ನನ್ನದೋ ಎಲೆಕ್ಟ್ರಿಕ್ ಗಿಟಾರ್, ಅದಕ್ಕೊಂದು ಟ್ರಂಕಿನ ಗಾತ್ರದ ಆಂಪ್ಲಿಫಯರ್. ಅದನ್ನು ಹಾಕಿದರೆ ಕೆಳಗಿನ ಮನೆಯವರೂ ಪೊರಕೆ ಕೋಲಿನಿಂದ ಛಾವಣಿ ಕುಟ್ಟುತ್ತಿದ್ದರು. ಏಳು ವರ್ಷ ಗಿಟಾರಿಗೆ ಏನೂ ಸಿಕ್ಕಿಸದೆ ಬರೀ ತಂತಿ ಮೀಟಿಕೊಂಡು ಅಭ್ಯಾಸ ಮಾಡಿದೆ. ಒಂದು ಸಂಜೆ ನೀವು ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟು ಪುಟ್ಟದೊಂದು ಡಬ್ಬಿ ತೆಗೆದು, "ಇದಕ್ಕೂ ಆಂಪ್ ಅಂತಾರಂತೆ. ಅಂಗಡಿಯವನು ನಂಗೆ ಟೋಪಿ ಹಾಕಿಲ್ಲ ತಾನೇ?" ಅಂದಿರಿ. ಅದರ ಪಿನ್ನನ್ನು ಗಿಟಾರಿನ ತೂತಿಗೆ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಹಾಕಿ, ಅಂಚಿನ ಚಕ್ರ ತಿರುಗಿಸಿದೆ. ನನ್ನ ತಲೆಯೊಳಗೆ ದೊಡ್ಡ ಸ್ಟೇಜು ತೆರೆದುಕೊಂಡಿತು. ಹೊರಗೆ ನಿಮಗೆ ಬರೀ ಟಿಣ್ ಟಿಣ್. ನಾನು ಅತ್ತುಬಿಟ್ಟೆ. ನೀವು, ಅಂಗಡಿಯವನು ಕೆಟ್ಟದ್ದು ಕೊಟ್ಟುಬಿಟ್ಟನೆಂದು ತಿಳಿದು, ಬದಲಾಯಿಸಿಕೊಂಡು ಬರುತ್ತೇನೆಂದು ಚಪ್ಪಲಿ ಮೆಟ್ಟಿದಿರಿ.

ಆ ಡಬ್ಬಿ ತಂದದ್ದಕ್ಕೆ ನೀವು ಪಶ್ಚಾತ್ತಾಪ ಪಡುತ್ತಿದ್ದೀರಿ. ನನ್ನ ಜೀವನದಲ್ಲಿ ಯಾರೂ ನನಗೆ ಅಷ್ಟು ಒಳ್ಳೆಯ ವಸ್ತು ಕೊಟ್ಟಿರಲಿಲ್ಲ.

ಅತ್ತೆ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ ಅದಕ್ಕೆ ಒಬ್ಬರು ವಿಮರ್ಶಕರೂ ಸಿಕ್ಕರು. "ಅಕ್ಕಿ ಆರಿಸಿದ್ರೂ ಇದಕ್ಕಿಂತ ಜಾಸ್ತಿ ಸದ್ದಾಗುತ್ತೆ, ಇದನ್ನ ಬಾರಿಸೋದು ಅಂತಾಳಲ್ಲ" ಎನ್ನುತ್ತಿದ್ದರು. ನನ್ನನ್ನು ಗಿಟಾರಮ್ಮ ಎಂದು ಕರೆಯಲು ಶುರು ಮಾಡಿದವರೂ ಅವರೇ. ಮಂಡಿ ನೋವಿನವರು, ವಾಕರ್ ಹಿಡಿದು ನಡೆಯುವವರು, ಕೂಗಿದರೆ ನಿಮ್ಮ ನಿದ್ದೆ ಕೆಡುತ್ತದೆ, ನನ್ನ ಕಿವಿಯಲ್ಲಿ ಹೆಡ್‌ಫೋನ್. ಅದಕ್ಕೆಂದೇ ನೀವು ನಡುಮನೆಯಲ್ಲಿದ್ದ ಅವರ ಮಂಚದ ಪಕ್ಕ ಕಾಲಿಂಗ್ ಬೆಲ್ಲಿನ ಸ್ವಿಚ್ ಹಾಕಿ, ಗಂಟೆ ಕಿತ್ತು, ಹಿಂದಿನ ವರಾಂಡದಲ್ಲಿ ನಾನು ಕೂರುವ ಕುರ್ಚಿಯ ಎದುರಿನ ಗೋಡೆಗೆ ಹಸಿರು ಬಲ್ಬ್ ಜೋಡಿಸಿದಿರಿ. "ನಾನೇನು ರೈಲ್ವೆ ಗಾರ್ಡಾ, ಹಸಿರು ದೀಪ ತೋರಿಸೋಕೆ?" ಎಂದು ಅತ್ತೆ ಗೊಣಗಿದರು. ಆಮೇಲೆ ಅದೇ ಆಟವಾಯಿತು ಅವರಿಗೆ. ಪರದೆ ಸರಿಸಲು ಬಲ್ಬ್, ಫ್ಯಾನ್ ಕಡಿಮೆ ಮಾಡಲು ಬಲ್ಬ್, ಗಂಟೆ ಎಷ್ಟಾಯಿತು ಅಂತ ಕೇಳಲು ಬಲ್ಬ್, ಅವರ ತಲೆ ಮೇಲೇ ಗಡಿಯಾರವಿದ್ದರೂ. ಒಂದೇ ಗಂಟೆಯೊಳಗೆ ಹನ್ನೊಂದು ಸಲ ಎದ್ದಿದ್ದೇನೆ, ನಿಮಗೆ ಹೇಳಿರಲಿಲ್ಲ.

ಬಚ್ಚಲಿನಲ್ಲಿ ಸ್ವಿಚ್ ಇರಲಿಲ್ಲ. ರಜೆಯ ದಿನ ಹಾಕುತ್ತೇನೆಂದಿದ್ದಿರಿ. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದೀರೆಂದು ನನಗೆ ಗೊತ್ತು.

ಆ ಗುರುವಾರ ನಾನು ಒಂದು ಎಳೆತದ ಹಿಂದೆ ಬಿದ್ದಿದ್ದೆ. ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಸ್ವರ ಏರಿಸುವುದು. ಇಷ್ಟು ವರ್ಷ ಬ್ಯಾಂಡಿನಲ್ಲಿ ಹಿಂದೆ ನಿಂತು ಬರೀ ತಾಳಕ್ಕೆ ಮೀಟಿಕೊಂಡಿದ್ದವಳಿಗೆ ನಮ್ಮ ಕೀಬೋರ್ಡಿನವರು ಮೊದಲ ಸಲ ಒಬ್ಬಳೇ ನುಡಿಸುವ ಒಂದು ಸೋಲೋ ಕೊಟ್ಟಿದ್ದರು, ಕಾರ್ಯಕ್ರಮಕ್ಕೆ ಹತ್ತೇ ದಿನ ಇತ್ತು. ಸ್ವರ ಒಂದು ಕೂದಲಷ್ಟು ಕೆಳಗೇ ನಿಂತುಬಿಡುತ್ತಿತ್ತು. ಹನ್ನೊಂದೂವರೆಯ ಸುಮಾರಿಗೆ, ಬೆರಳಿನ ತುದಿ ಒಡೆದುಕೊಂಡ ಮೇಲೆ, ಅದು ಹತ್ತಿತು. ಬಿಟ್ಟರೆ ಹೋಗುತ್ತದೆಂದು ಮತ್ತೆ ಮತ್ತೆ ನುಡಿಸಿದೆ. ಹನ್ನೆರಡೂ ಹತ್ತಕ್ಕೆ ಎದ್ದು ಹೋದಾಗ ಅತ್ತೆ ಬಚ್ಚಲ ಕಲ್ಲಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಕಣ್ಣು ತೆರೆದಿತ್ತು, ಮಾತು ನಿಂತಿತ್ತು.

ಆಸ್ಪತ್ರೆಯ ಒಂಬತ್ತು ದಿನಗಳನ್ನು ನಾನು ಬರೆಯುವುದಿಲ್ಲ. ನೀವು ಅವರ ಕಿವಿಯ ಹತ್ತಿರ ಬಗ್ಗಿ "ಅಮ್ಮಾ, ಒಂದು ಮಾತಾಡಮ್ಮ" ಎನ್ನುತ್ತಿದ್ದಿರಿ. ತಲೆಯೊಳಗೆ ರಕ್ತ ಇಳಿದಿದೆ, ಅರ್ಧ ಗಂಟೆ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಂದಾಗ ನಿಮ್ಮ ಅಕ್ಕ, ಭಾವ, ಚಿಕ್ಕಮ್ಮ ಎಲ್ಲರೂ ನನ್ನ ಕಡೆ ತಿರುಗಿದರು. ಆಗ ನೀವು ನನಗಿಂತ ಮುಂದೆ ಬಂದು ನಿಂತಿರಿ. "ಅವಳನ್ನ ಯಾರೂ ಏನೂ ಅನ್ನಬೇಡಿ. ಅವಳ ಕಿವಿ ಮುಚ್ಚಿತ್ತು, ಮುಚ್ಚಿದ್ದು ನಾನು" ಅಂದಿರಿ. ಚಿಕ್ಕಮ್ಮ ಬಂದು ನನ್ನ ತಲೆ ಸವರಿದರು. ನಾನು ತಲೆ ತಗ್ಗಿಸಿಕೊಂಡು ಸವರಿಸಿಕೊಂಡೆ.

ಅವತ್ತು ಬಾಯಿಗೆ ಬಿದ್ದ ಬೀಗ ಇವತ್ತಿನ ತನಕ ತೆಗೆದಿಲ್ಲ. ನಿಮ್ಮ ತಪ್ಪಲ್ಲ, ನಿಮ್ಮ ತಪ್ಪಲ್ಲ ಅಂತ ಸಾವಿರ ಸಲ ಹೇಳಿದೆ. ಯಾಕೆ ಅಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ನೀವು ಮನೆ ಬಿಟ್ಟು ಹೋಗಿ ಐದು ವಾರವಾಯಿತು. ಹೇಳಿದರೆ ನೀವು ಯಾವತ್ತೂ ಬರುವುದಿಲ್ಲ, ಹೇಳದಿದ್ದರೆ ಹಾಗೇ ಕೂತು ಸಾಯುತ್ತೀರಿ. ಬೆಳಿಗ್ಗೆಯಿಂದ ಇದನ್ನೇ ಆ ಕಡೆ ಈ ಕಡೆ ತೂಗಿದೆ. ಸಾಕಾಯಿತು. ನೀವು ಬದುಕಿರಿ, ನನ್ನ ಮನೆಗೆ ಬರದಿದ್ದರೂ ಸರಿ.

ಆ ಹೆಡ್‌ಫೋನನ್ನು ನೀವು ಒಂದು ದಿನವೂ ಹಾಕಿ ನೋಡಿದವರಲ್ಲ. ಅದು ಕಿವಿ ಮುಚ್ಚುವುದಿಲ್ಲ, ರೀ. ಕಿವಿಯ ಮೇಲೆ ಕೂರುವ ಸ್ಪಂಜು ಅಷ್ಟೇ, ಅದೂ ಹರಿದು ಚೂರಾಗಿದೆ. ಕುಕ್ಕರಿನ ಸೀಟಿ ಕೇಳಿಸುತ್ತದೆ. ಕೆಳಗೆ ಗೇಟು ತೆಗೆದದ್ದು ಕೇಳಿಸುತ್ತದೆ. ನೀವು ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿ ಮಂಚ ಕಿರುಗುಟ್ಟುವುದು ಕೇಳಿಸುತ್ತದೆ, ಆಗೆಲ್ಲ ನಾನು ಮೀಟುವುದು ನಿಲ್ಲಿಸಿ ಕಾಯುತ್ತಿದ್ದೆ.

ಅತ್ತೆ ಕರೆದದ್ದೂ ಕೇಳಿಸಿತು.

ಎರಡು ಸ್ವರಗಳ ನಡುವೆ, ಸಣ್ಣಗೆ. ತಲೆ ಎತ್ತಿ ಗೋಡೆ ನೋಡಿದೆ. ಬಲ್ಬ್ ಹತ್ತಿರಲಿಲ್ಲ. ಬಲ್ಬ್ ಹತ್ತಿಲ್ಲ ಅಂದರೆ ಅವಸರವಿಲ್ಲ, ಅದು ನಮ್ಮ ಮನೆಯ ಕಾನೂನು. ಅದನ್ನು ಮಾಡಿದವಳು ನಾನು, ನೀವಲ್ಲ. ಅವತ್ತು ಬೆಳಿಗ್ಗೆ, ನೀವು ಆಗಷ್ಟೇ ಮಲಗಿದ್ದಾಗ, ಅವರು ಟವೆಲ್ಲಿಗಾಗಿ ಕೂಗಿದ್ದಕ್ಕೆ ನಾನು ಹೋಗಿ ಹಲ್ಲು ಕಚ್ಚಿಕೊಂಡು ಹೇಳಿದ್ದೆ, "ಸ್ವಿಚ್ ಯಾಕಿದೆ ಅತ್ತೆ? ಸ್ವಿಚ್ ಒತ್ತಿದ್ರೆ ಮಾತ್ರ ಬರ್ತೀನಿ, ಕೂಗಿದ್ರೆ ಬರಲ್ಲ" ಅಂತ. ಆಗಲಮ್ಮ ಮಹಾರಾಣಿ ಅಂದಿದ್ದರು. ಬಚ್ಚಲ ನೆಲದಲ್ಲಿ ಬಿದ್ದವರು ಯಾವ ಸ್ವಿಚ್ ಒತ್ತುತ್ತಾರೆ? ಅಷ್ಟು ಬುದ್ಧಿ ನನಗೆ ಆಗ ಹೊಳೆಯಲಿಲ್ಲ. ಪರದೆಯೋ ಫ್ಯಾನೋ ಇರಬೇಕು ಎಂದುಕೊಂಡೆ. ಮತ್ತೆ ಗಿಟಾರಿಗೆ ಬಗ್ಗಿದೆ.

ಈಗ ಗೊತ್ತಾಯಿತಲ್ಲ. ನೀವು ತಂದ ಡಬ್ಬಿಯ ತಪ್ಪಲ್ಲ, ನೀವು ಹಾಕದ ಸ್ವಿಚ್ಚಿನ ತಪ್ಪಲ್ಲ, ರಾತ್ರಿಯೆಲ್ಲ ನಾಲ್ವತ್ತು ಜನರಿಗೆ ಇಂಜೆಕ್ಷನ್ ಕೊಟ್ಟು ಬಂದವರು ಮಲಗಿದ್ದು ತಪ್ಪಲ್ಲ. ನನ್ನನ್ನು ಬೈಯಿರಿ. ಅಕ್ಕನಿಗೂ ಓದಿ ಹೇಳಿ, ಚಿಕ್ಕಮ್ಮನಿಗೂ ಹೇಳಿ, ನನ್ನ ತಲೆ ಸವರಿದ ಕೈಯನ್ನು ಅವರು ತೊಳೆದುಕೊಳ್ಳಲಿ. ಕ್ಷಮಿಸಿ ಎಂದು ನಾನು ಕೇಳುತ್ತಿಲ್ಲ, ಕೇಳುವ ಮುಖವೂ ಇಲ್ಲ. ಇದನ್ನು ಓದಿದ ಮೇಲೆ ಒಂದು ಲೋಟ ಹಾಲು ಕುಡಿದು ಮಂಚದ ಮೇಲೆ ಕಾಲು ಚಾಚಿ. ಕೋಪದಲ್ಲಾದರೂ ಮಲಗಿ. ಕೋಪ ಬಂದರೆ ನಿಮಗೆ ನಿದ್ದೆ ಚೆನ್ನಾಗಿ ಬರುತ್ತದೆ, ಹನ್ನೊಂದು ವರ್ಷದಿಂದ ನೋಡಿದ್ದೇನೆ.

ಸೋಲೋ ಏನಾಯಿತು ಅಂತ ನೀವು ಕೇಳುವವರಲ್ಲ, ಆದರೂ ಹೇಳುತ್ತೇನೆ. ಬ್ಯಾಂಡಿಗೆ ಹೋಗಿಲ್ಲ. ಆ ದಿನದಿಂದ ಗಿಟಾರ್ ಗೋಡೆಗೆ ಮುಖ ಮಾಡಿ ನಿಂತಿದೆ.

ಹಾಗೆ ಬರೆದುಕೊಳ್ಳಲು ಇನ್ನೂ ಬಿಡುವಿರಾದರೆ, ನಿಮ್ಮ
ಗಿಟಾರಮ್ಮ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಕಾಗದ ಮಡಿಸಿ ಚಪ್ಪಲಿ ಮೆಟ್ಟಿದವಳು ವಾಪಸು ಬಂದು ಬರೆಯುತ್ತಿದ್ದೇನೆ. ಅತ್ತೆ ಒಂದು ಸಲವಲ್ಲ, ಎರಡು ಸಲ ಕರೆದರು. ಎರಡನೆಯ ಸಲ ನಾನು ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಕೇಳಿದೆ. ಮಾತು ಸ್ಪಷ್ಟವಾಗಿತ್ತು. "ಅವನನ್ನ ಎಬ್ಬಿಸ್ಬೇಡ್ವೇ, ಪಾಪ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದು ಮಲಗಿದಾನೆ. ನೀನೇ ಬಾ, ಸಾಕು" ಅಂದರು. ಅಮ್ಮ ಕೊನೆಗೆ ಏನೂ ಹೇಳಲಿಲ್ಲ ಎಂದು ನೀವು ಒಂಬತ್ತು ದಿನ ಅತ್ತಿರಿ, ಈ ಮಾತನ್ನು ಬಾಯಲ್ಲಿಟ್ಟುಕೊಂಡು ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. "ಬಂದೆ ಅತ್ತೆ, ಎರಡೇ ನಿಮಿಷ" ಎಂದು ಹೇಳಿ ಹೆಡ್‌ಫೋನ್ ಮತ್ತೆ ಹಾಕಿಕೊಂಡೆ. ಬರುತ್ತೇನೆ ಅಂದೆನಲ್ಲ, ಅದಕ್ಕೇ ಅವರು ಮತ್ತೆ ಕೂಗಲಿಲ್ಲ. ಮಲಗಿಕೊಳ್ಳಿ, ರೀ. ನಿಮ್ಮನ್ನು ಎಬ್ಬಿಸಬೇಡ ಎಂದದ್ದು ನಿಮ್ಮಮ್ಮ.