ಅಪ್ಪನ ಕೊನೆಯ ಅದಲುಬದಲು

ಲ್ಯೂಯಿಸ್‌ಟೌನ್, ಮೊಂಟಾನಾ
ಮಂಗಳವಾರ, ಏಪ್ರಿಲ್ ೧೬

ಪ್ರೀತಿಯ ತಮ್ಮಾ ಲೀಫ್,

ಹೇಗಿದ್ದೀಯೋ? ಭುಜದ ನೋವು ಕಡಿಮೆಯಾಯಿತೆ? ಅಲಾಸ್ಕಾದ ಆ ಚಳಿಯಲ್ಲಿ ಬಲೆ ಎಳೆಯುವಾಗ ಅದು ಮತ್ತೆ ಕೆರಳದಿದ್ದರೆ ಸಾಕು. ನಿನ್ನ ದೋಣಿಗೆ ಫೋನ್ ತಲುಪುವುದಿಲ್ಲವಂತೆ. ದಡಕ್ಕೆ ಬಂದಾಗ ಕಾಗದವನ್ನು ಕೈಗೇ ಕೊಡುತ್ತೇವೆ ಎಂದು ಬಂದರಿನ ಕಚೇರಿಯವರು ಹೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಾಲೇಜಿಗೆ ಹೋಗಿ ಬರುತ್ತಿದ್ದೇನೆ. ಹೊಲದ ಅಂಚಿನಲ್ಲಿ ಇನ್ನೂ ಹಿಮವಿದೆ. ಅಪ್ಪ ಚೆನ್ನಾಗಿ ಉಣ್ಣುತ್ತಾನೆ. ಬೆಳಿಗ್ಗೆ ಅವನು ನಮ್ಮ ಅಪ್ಪನೇ, ಮೊಟ್ಟೆ ಹೆಚ್ಚು ಬೆಂದಿದೆ ಎಂದು ಗೊಣಗುವ ಅದೇ ಅಪ್ಪ. ಬಿಸಿಲು ಇಳಿದ ಮೇಲೆ ಮಾತ್ರ ಯಾರೋ ಒಳಗಿನ ದೀಪ ತೆಗೆದುಕೊಂಡು ಹೋದ ಹಾಗಾಗುತ್ತದೆ. ತೀರಿಹೋದ ಅಮ್ಮ ಎಲ್ಲಿ ಎಂದು ಕೇಳುತ್ತಾನೆ. ಕೊಟ್ಟಿಗೆಯ ಹತ್ತಿರ ಕಳ್ಳರಿದ್ದಾರೆ ಎನ್ನುತ್ತಾನೆ. ಒಮ್ಮೊಮ್ಮೆ ನಾನೇ ಆ ಕಳ್ಳಿ.

ಈ ಮನೆಯಲ್ಲಿ ಬಂದೂಕು ಇರಕೂಡದು ಎಂದು ಡಾಕ್ಟರು ಹೇಳಿದ್ದನ್ನು ಹಿಂದೆಯೇ ಬರೆದಿದ್ದೆ. ಎಣ್ಣೆ ಹಾಕಿಸುವ ನೆಪದಲ್ಲಿ ಪಕ್ಕದ ಮನೆಯ ರಡಕ್, ಅಪ್ಪನ ರೈಫಲ್ಲುಗಳನ್ನೆಲ್ಲ ತನ್ನ ಗಾಡಿಯಲ್ಲಿ ಒಯ್ದ. ಉಳಿದದ್ದು ಹಳೆಯ ಕೋಲ್ಟ್ ರಿವಾಲ್ವರ್ ಒಂದೇ. ಅದರ ಸ್ಪ್ರಿಂಗ್ ಮುರಿದು ಎಷ್ಟು ಕಾಲವಾಯಿತೋ. ರಿಪೇರಿ ಮಾಡಿಸಿದರೆ ಅದರ ಅಸಲಿತನ ಹೋಗುತ್ತದೆಂದು ಅಪ್ಪ ಯಾರಿಗೂ ಮುಟ್ಟಗೊಡಲಿಲ್ಲ. ಗುಂಡು ಹಾರುವುದಿಲ್ಲ, ನಿಜ. ಆದರೆ ಮುಸ್ಸಂಜೆಯಲ್ಲಿ ಅವನು ಅದನ್ನು ಯಾರ ಕಡೆಗಾದರೂ ಹಿಡಿದರೆ, ಎದುರಿನವರಿಗೆ ಸ್ಪ್ರಿಂಗಿನ ಕಥೆ ಗೊತ್ತಿರುತ್ತದೆಯೆ?

ಮಾರಿಬಿಡು ಎಂದು ನೀನು ಬರೆದಿದ್ದೆ. ಬಿಲ್ಲಿಂಗ್ಸ್‌ನ ವ್ಯಾಪಾರಿ ಒಳ್ಳೆಯ ಬೆಲೆ ಕೊಡಲು ಕಾದಿದ್ದ. ಆದರೆ ಅಪ್ಪ ಹುಡುಗನಾಗಿದ್ದಾಗಿನ ಒಂದು ಜೇಬುಚಾಕುವಿನಿಂದ ಶುರುಮಾಡಿ, ಒಂದಕ್ಕೊಂದು ಬದಲಾಯಿಸುತ್ತಾ ಆ ಕೋಲ್ಟ್‌ವರೆಗೆ ಬಂದವನು. ಜೀವಮಾನದಲ್ಲಿ ಒಂದನ್ನೂ ಮಾರಿದವನಲ್ಲ. "ಮಾರೋನಿಗೆ ದುಡ್ಡು ಬೇಕು, ಬದಲಾಯಿಸೋನಿಗೆ ಬುದ್ಧಿ ಬೇಕು" ಎಂದು ಎದೆ ಉಬ್ಬಿಸುತ್ತಿದ್ದನಲ್ಲ. ಆ ಬುದ್ಧಿಯೇ ಕೈಬಿಡುತ್ತಿರುವಾಗ ಅವನ ಕಣ್ಣೆದುರಿಗೆ ಮಾರುವುದು ಹೇಗೆ? ಮಾರುವುದೋ ಬದಲಾಯಿಸುವುದೋ ಎಂದು ಚಳಿಗಾಲವೆಲ್ಲ, ಅರ್ಥ ಬಿಟ್ಟುಕೊಡದ ಕವಿತೆಯ ಸಾಲನ್ನು ಓದಿದ ಹಾಗೆ, ಅದನ್ನೇ ತಿರುತಿರುಗಿ ಯೋಚಿಸಿದೆ. ಕೊನೆಗೆ ರಡಕ್ ಮತ್ತು ನಾನು ಒಂದು ಉಪಾಯ ಹೂಡಿದೆವು. ಶನಿವಾರದ ಬಂದೂಕು ಮೇಳದಲ್ಲಿ ರಡಕ್ ತನ್ನ ಬೆಳ್ಳಿ ಕೆತ್ತನೆಯ, ಸವಾರರು ಬೂಟಿನ ಹಿಮ್ಮಡಿಗೆ ಕಟ್ಟುವ ಕುದುರೆಮುಳ್ಳುಗಳ ಜೋಡಿಯನ್ನು ಮೇಜಿನ ಮೇಲಿಡುವುದು. ಅಪ್ಪ ಎಷ್ಟೋ ವರ್ಷದಿಂದ ಕಣ್ಣಿಟ್ಟಿದ್ದ ಜೋಡಿ ಅದು. ಕೋಲ್ಟ್ ಕೊಟ್ಟು ಅದನ್ನು ಗೆದ್ದುಕೊಂಡು ಬರಲಿ ಎಂದು.

ಮೇಳದೊಳಗೆ ಕಾಲಿಟ್ಟ ಕೂಡಲೇ ಅಪ್ಪನ ಬೆನ್ನು ನೆಟ್ಟಗಾಯಿತು ಕಣೋ. "ಏನ್ ಹ್ಯಾಲ್ವರ್, ನಿನ್ನ ಇನ್ನೂ ಹೂಳಿಲ್ವಾ?" ಎಂದ ರಡಕ್. "ನಿನ್ನ ಹೆಂಡ್ತಿ ಕೈ ಅಡುಗೆ ತಿಂದಿದ್ರೆ ಯಾವಾಗ್ಲೋ ಹೂಳ್ತಿದ್ರು" ಎಂದ ಅಪ್ಪ. ಕುದುರೆಮುಳ್ಳನ್ನು ಕೈಗೆತ್ತಿಕೊಂಡು ತೂಗಿ ನೋಡಿದ, ಮೂಗು ಮುರಿದ, ಕೆಳಗಿಟ್ಟು ಮುಂದೆ ಹೋದ. ಚೌಕಾಸಿಯೆಂದರೆ ಹಾಗೆಯೇ, ಬೇಕಾದದ್ದನ್ನು ಬೇಡವೆಂದು ಒಂದು ಸುತ್ತು ಹೋಗಿ ಬರಬೇಕು. "ಬರ್ತಾನೆ ಬಿಡು, ನೀನು ಕಾಫಿ ತಗೊಂಬಾ" ಎಂದ ರಡಕ್. ಹೋದೆ.

ಬರುವಷ್ಟರಲ್ಲಿ ಅಪ್ಪ ಕೊನೆಯ ಸಾಲಿನಲ್ಲಿ ಹಸಿರು ಟೋಪಿಯವನೊಬ್ಬನ ಕೈಕುಲುಕುತ್ತಿದ್ದ. ಕೋಲ್ಟ್ ಇರಲಿಲ್ಲ. ಅದರ ಬದಲು ಹೊಚ್ಚ ಹೊಸ ರಿವಾಲ್ವರ್, ಕೊಸರಿಗೆ ಒಂದು ಡಬ್ಬ ಗುಂಡು. "ಸತ್ತಿದ್ದನ್ನ ಕೊಟ್ಟು ಜೀವ ಇರೋದನ್ನ ತಂದೆ ಕಣೇ ಸಿಗ್ನೆ" ಎಂದ. ಅಷ್ಟು ಸ್ಪಷ್ಟವಾಗಿ ನನ್ನ ಹೆಸರು ಕರೆದು ಎಷ್ಟು ತಿಂಗಳಾಗಿತ್ತೋ. ಅವನ ಮುಖದಲ್ಲಿ ಅಂಥ ಗೆಲುವು.

ಹಸಿರು ಟೋಪಿಯವನನ್ನು ಬೇಡಿಕೊಂಡೆ. ಕೆಟ್ಟವನಲ್ಲ, ಪಾಪ. "ಕೈ ಕುಲುಕಿ ಆಯ್ತಲ್ಲ ಮೇಡಂ. ಅವರೇ ಬಂದು ಕೇಳಿದ್ರೆ ಈಗ್ಲೇ ವಾಪಸ್ ಕೊಡ್ತೀನಿ. ಅವರ ವ್ಯಾಪಾರ ನೀವು ಮುರಿದ್ರೆ ನಾಳೆ ಇಲ್ಲಿ ಅವರ ಮುಖ ಯಾರು ನೋಡ್ತಾರೆ?" ಅಪ್ಪನಿಗೆ ಬುದ್ಧಿ ನೆಟ್ಟಗಿಲ್ಲ ಎಂಬ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಸುತ್ತ ಅವನ ಹಳೆಯ ಗೆಳೆಯರು, ನಡುವೆ ಗೆದ್ದು ನಿಂತ ಅಪ್ಪ. ಹೇಳುವ ಧೈರ್ಯ ಬರುವ ಹೊತ್ತಿಗೆ ಟೋಪಿಯವನು ಮೇಜು ಮಡಚಿ ಹೊರಟುಹೋಗಿದ್ದ, ಡಕೋಟಾ ಕಡೆಯವನಂತೆ, ಹೆಸರು ಯಾರಿಗೂ ಗೊತ್ತಿಲ್ಲ.

ಈಗ ಆ ಹೊಸ ರಿವಾಲ್ವರ್ ಅಪ್ಪನ ಕೋಟಿನ ಜೇಬಿನಲ್ಲಿದೆ, ಕೋಟು ಅವನ ಮೈಮೇಲಿದೆ. ಭಾನುವಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಕೈಹಾಕಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ರಡಕ್ ಕುದುರೆಮುಳ್ಳು ಹಿಡಿದು ಬಂದರೆ "ಮನೇಲಿ ಕುದುರೆ ಎಲ್ಲಪ್ಪಾ?" ಎಂದು ನಕ್ಕು ಕಳಿಸಿದ. ಪೊಲೀಸರನ್ನು ಕರೆಯಲೆಂದು ಶೆರಿಫ್ ಕಚೇರಿಗೆ ಫೋನ್ ಎತ್ತಿಕೊಂಡೆ. ಕಳ್ಳರಿಗಾಗಿ ಕಾದು ಕುಳಿತವನ ಮನೆಗೆ ಬಂದೂಕು ಹಿಡಿದವರು ನುಗ್ಗಿದರೆ ಏನಾದೀತೆಂದು ನೆನೆದು ಕೆಳಗಿಟ್ಟೆ. ಎಲ್ಲವನ್ನೂ ಮರೆಯುತ್ತಿರುವವನು ಈ ವ್ಯಾಪಾರವೊಂದನ್ನು ಮಾತ್ರ ಮರೆಯುತ್ತಿಲ್ಲ. ಬಂದವರಿಗೆಲ್ಲ ಹೇಳುತ್ತಾನೆ, ಅವರೆಲ್ಲ ಭೇಷ್ ಎನ್ನುತ್ತಾರೆ, ನಾನೂ ಎನ್ನುತ್ತೇನೆ.

ಕೈಗವಸು ಒದ್ದೆಯಾದರೆ ಬದಲಾಯಿಸು, ಉದಾಸೀನ ಮಾಡಬೇಡ. ನಿನ್ನ ದೋಣಿಯವರಿಗೆಲ್ಲ ನನ್ನ ನಮಸ್ಕಾರ. ಕಡಲು ನಿನ್ನನ್ನು ಜೋಪಾನವಾಗಿ ದಡ ಸೇರಿಸಲಿ.

ನಿನ್ನ ಅಕ್ಕ,
ಸಿಗ್ನೆ

ಮರೆತೆ: ಟಪಾಲಿನವನು ಗೇಟಿನ ಹತ್ತಿರ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೇಗಾದರೂ ಮಾಡಿ ಬಾ. ದುಡ್ಡು ತರಬೇಡ, ಅಪ್ಪನ ಕಣ್ಣು ಅರಳುವಂಥದ್ದು ಏನಾದರೂ ತಾ, ನಿನ್ನ ಜೊತೆಯಾದರೆ ಬದಲಾಯಿಸಿಕೊಂಡಾನು. ಸಂಜೆ ತಲುಪಿದರೆ ಸೀದಾ ಒಳಗೆ ಬರಬೇಡ. ಗೇಟಿನಲ್ಲೇ ನಿಂತು ಹಾರ್ನ್ ಹೊಡಿ, ಹೆಸರು ಕೂಗು, ಅವನು ಬಾ ಎನ್ನುವವರೆಗೆ ಅಲ್ಲೇ ಇರು. ಹೊರಗಿನಿಂದ ಬಂದಾಗಲೆಲ್ಲ ನಾನೂ ಹಾಗೆಯೇ ಮಾಡುತ್ತಿದ್ದೇನೆ. ನಿನ್ನೆ ಕಾಲೇಜಿನಿಂದ ಬಂದು ಕೂಗಿದಾಗ ಒಳಗಿನಿಂದ ಕೇಳಿದ, "ಸಿಗ್ನೆ ಅಂದ್ರೆ ಯಾರು?"